ಮಗು ಯಾರದೆಂಬ ಮೊಕದ್ದಮೆ

ಆನಿ ಬೆಸೆಂಟ್ ಎಂದೊಡನೆ ನೆನಪಾಗುವುದು ಹೋಮ್ ರೂಲ್ ಚಳವಳಿ, ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿ, 1917ರ ಕಾಂಗ್ರೆಸ್ ಅಧ್ಯಕ್ಷ ಪದವಿ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು, ಮಂಗಳೂರಿನ ಬೆಸೆಂಟ್ ಶಾಲೆಗಳ ಮೂಲಕವೂ ಕರ್ನಾಟಕಕ್ಕೆ ಆ ಹೆಸರು ಪರಿಚಿತ. ಆದರೆ ಇದೇ ಮಹಿಳೆ ಭಾರತಕ್ಕೆ ಬರುವ 15 ವರ್ಷ ಮೊದಲು ಲಂಡನ್ನಿನ ನ್ಯಾಯಾಲಯವೊಂದು ಅವರ ಏಳು ವರ್ಷದ ಮಗಳನ್ನು ಅವರಿಂದ ಕಿತ್ತು ಗಂಡನಿಗೆ ಒಪ್ಪಿಸಿತ್ತು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಮುಂದೆ ಮದ್ರಾಸಿನಲ್ಲಿ ತಂದೆಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳನ್ನು ಮರಳಿ ಕೊಡಿಸಬೇಕೆಂದು ದಾವೆ ಹೂಡಿದಾಗ ಪ್ರತಿವಾದಿಯಾಗಿ ನಿಂತವರೂ ಈ ಬೆಸೆಂಟರೇ.

ಒಂದು ಮೊಕದ್ದಮೆಯಲ್ಲಿ ಮಗು ಕಳೆದುಕೊಂಡ ತಾಯಿ, ಇನ್ನೊಂದರಲ್ಲಿ ಬೇರೆಯವರ ಮಕ್ಕಳನ್ನು ಉಳಿಸಿಕೊಂಡ ಪಾಲಕಿ. ಈ ಎರಡು ಪ್ರಕರಣಗಳ ನಡುವಿನ 36 ವರ್ಷಗಳಲ್ಲಿ ಕಾನೂನಿನ ಒಂದು ಹಳೆಯ ಪ್ರಶ್ನೆ ನಿಧಾನವಾಗಿ ಬದಲಾಗುತ್ತಿತ್ತು. ‘ಮಗು ಯಾರದು’ ಎಂದು ಕೇಳುತ್ತಿದ್ದ ನ್ಯಾಯಾಲಯಗಳು ‘ಮಗುವಿಗೆ ಯಾವುದು ಒಳ್ಳೆಯದು’ ಎಂದು ಕೇಳಲು ಕಲಿಯುತ್ತಿದ್ದವು. ಇಂದು ಗಂಡ ಹೆಂಡಿರು ಬೇರೆಯಾಗಲು ಹೊರಟಾಗ ಕೌಟುಂಬಿಕ ನ್ಯಾಯಾಲಯಗಳಲ್ಲಿ ನಡೆಯುವ ಸುಪರ್ದಿ ಮತ್ತು ಜೀವನಾಂಶದ ಜಗಳಗಳ ಬೇರು ಈ ಬದಲಾವಣೆಯಲ್ಲಿದೆ. ಬದಲಾವಣೆ ಪೂರ್ಣವಾಗಿಲ್ಲ ಎಂಬುದೂ ಅಷ್ಟೇ ನಿಜ.

ತಂದೆಯ ಸೊತ್ತು

ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ವಿವಾಹಿತ ದಂಪತಿಯ ಮಕ್ಕಳು ತಂದೆಗೆ ಸೇರಿದವರು. ತಾಯಿಗೆ ಮಕ್ಕಳಿಂದ ಗೌರವ ಸಲ್ಲಬೇಕಿತ್ತೇ ಹೊರತು ಅವರ ಮೇಲೆ ಅಧಿಕಾರವಿರಲಿಲ್ಲ. ಹೆಂಡತಿಗೆ ಸ್ವಂತ ಆಸ್ತಿಯ ಹಕ್ಕಿಲ್ಲದ ಕಾಲದಲ್ಲಿ ಮಕ್ಕಳ ಹಕ್ಕು ಎಲ್ಲಿಂದ ಬರಬೇಕು?

1804ರ ಒಂದು ಪ್ರಕರಣ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಫ್ರಾನ್ಸಿನಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಡಿ ಮಾನವಿಲ್ ಎಂಬಾತನನ್ನು ಬಿಟ್ಟು ಅವನ ಹೆಂಡತಿ ಬೇರೆ ವಾಸಿಸುತ್ತಿದ್ದಳು. ಎಂಟು ತಿಂಗಳ, ಇನ್ನೂ ಮೊಲೆಹಾಲು ಬಿಡದ ಮಗುವನ್ನು ಅವನು ತಾಯಿಯಿಂದ ಕಿತ್ತುಕೊಂಡು ಹೋದ. ತಾಯಿ ನ್ಯಾಯಾಲಯದ ಮೊರೆಹೊಕ್ಕಳು. ಮುಖ್ಯ ನ್ಯಾಯಮೂರ್ತಿ ಲಾರ್ಡ್ ಎಲೆನ್‌ಬರೋ ಅವರಿದ್ದ ಪೀಠ, ಮಗುವನ್ನು ಇಟ್ಟುಕೊಳ್ಳುವ ಹಕ್ಕು ತಂದೆಯದೆಂದು ಹೇಳಿ ಅದನ್ನು ಅವನ ಬಳಿಯೇ ಬಿಟ್ಟಿತು. ತಂದೆ ಮಗುವಿನ ಪ್ರಾಣಕ್ಕೆ ಅಪಾಯ ತಂದಿದ್ದಾನೆಂದು ತೋರಿಸಿದ್ದರೆ ಮಾತು ಬೇರೆಯಾಗುತ್ತಿತ್ತು. ತಾಯಿಯ ಹಾಲು ತಪ್ಪಿದ್ದನ್ನು ನ್ಯಾಯಾಲಯ ಅಂತಹ ಅಪಾಯವೆಂದು ಎಣಿಸಲಿಲ್ಲ.

ಈ ನಿಯಮವನ್ನು ಅಲುಗಾಡಿಸಿದವರು ಒಬ್ಬ ಲೇಖಕಿ, ಕ್ಯಾರೊಲಿನ್ ನಾರ್ಟನ್. ಪ್ರಸಿದ್ಧ ನಾಟಕಕಾರ ರಿಚರ್ಡ್ ಷೆರಿಡನ್ನನ ಮೊಮ್ಮಗಳಾದ ಆಕೆ 1827ರಲ್ಲಿ ಜಾರ್ಜ್ ನಾರ್ಟನ್ ಎಂಬ ವಕೀಲನನ್ನು ಮದುವೆಯಾದರು. ಗಂಡನಿಗೆ ಕೈ ಮಾಡುವ ಚಾಳಿಯಿತ್ತು. ಸಂಸಾರ ನೆಟ್ಟಗಿರಲಿಲ್ಲ. 1836ರಲ್ಲಿ ಆತ ಮೂವರು ಗಂಡುಮಕ್ಕಳನ್ನು ಮನೆಯಿಂದ ಸಾಗಿಸಿ, ಅಂದಿನ ಪ್ರಧಾನಿ ಲಾರ್ಡ್ ಮೆಲ್ಬರ್ನ್ ತನ್ನ ಹೆಂಡತಿಯೊಡನೆ ಅಕ್ರಮ ಸಂಬಂಧ ಇಟ್ಟುಕೊಂಡಿದ್ದಾರೆಂದು ಪರಿಹಾರ ಕೇಳಿ ದಾವೆ ಹೂಡಿದ. ಪಂಚಾಯ್ತಿದಾರರಾಗಿ ಕುಳಿತಿದ್ದ ಜ್ಯೂರಿಯವರು ಜಾಗ ಬಿಟ್ಟು ಏಳದೆಯೇ ದಾವೆಯನ್ನು ತಳ್ಳಿಹಾಕಿದರು.

ಕ್ಯಾರೊಲಿನ್ ನಿರ್ದೋಷಿ ಎಂದಾಯಿತು. ಆದರೂ ಮಕ್ಕಳು ಸಿಗಲಿಲ್ಲ. ಮೂವರಲ್ಲಿ ಹಿರಿಯವನಿಗೆ ಆಗ ಏಳು ವರ್ಷ, ಕಿರಿಯವನಿಗೆ ಮೂರು ದಾಟಿರಲಿಲ್ಲ. ಗಂಡ ಅವರನ್ನು ದೂರದ ಸ್ಕಾಟ್ಲೆಂಡಿಗೆ ಕಳಿಸಿದ. ತಪ್ಪು ಮಾಡದ ತಾಯಿಗೂ ಮಕ್ಕಳ ಮುಖ ನೋಡುವ ಹಕ್ಕಿಲ್ಲ ಎಂಬುದು ಆಕೆಗೆ ಅರಿವಾದದ್ದು ಆಗಲೇ.

ಅವರಲ್ಲಿದ್ದ ಆಯುಧ ಲೇಖನಿ ಒಂದೇ. ತಾಯಿಯ ಸಹಜ ಹಕ್ಕಿನ ಬಗ್ಗೆ ಕಿರುಹೊತ್ತಿಗೆ ಬರೆದು ಸಂಸದರಿಗೆ ಹಂಚಿದರು. ಗಂಡಸಿನ ಹೆಸರಿಟ್ಟುಕೊಂಡು ಲಾರ್ಡ್ ಚಾನ್ಸೆಲರ್‌ಗೆ ಬಹಿರಂಗ ಪತ್ರ ಬರೆದರು. ಥಾಮಸ್ ನೂನ್ ಟಾಲ್‌ಫರ್ಡ್ ಎಂಬ ವಕೀಲ ಸಂಸದರು ಮಸೂದೆ ಮಂಡಿಸಿದರು. 1838ರಲ್ಲಿ ಕೆಳಮನೆ ಒಪ್ಪಿದರೂ ಮೇಲ್ಮನೆ ತಿರಸ್ಕರಿಸಿತು. ಮರುವರ್ಷ ಅದು ಅಂಗೀಕಾರವಾಯಿತು.

1839ರ ಆ ಕಾಯ್ದೆ ಕೊಟ್ಟದ್ದು ಸ್ವಲ್ಪವೇ. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ವಶಕ್ಕೆ ಕೊಡಿ ಎಂದು, ಅದಕ್ಕೂ ದೊಡ್ಡ ಮಕ್ಕಳನ್ನು ನೋಡಲು ಬಿಡಿ ಎಂದು ತಾಯಿ ಚಾನ್ಸರಿ ನ್ಯಾಯಾಲಯವನ್ನು ಬೇಡಬಹುದು. ವ್ಯಭಿಚಾರ ಸಾಬೀತಾದ ಹೆಂಗಸಿಗೆ ಅದೂ ಇಲ್ಲ. ಅದನ್ನು ತಂದುಕೊಟ್ಟ ಕ್ಯಾರೊಲಿನ್‌ಗಂತೂ ತಕ್ಷಣಕ್ಕೆ ಪ್ರಯೋಜನವಾಗಲಿಲ್ಲ. ಮಕ್ಕಳಿದ್ದ ಸ್ಕಾಟ್ಲೆಂಡಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. 1842ರಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದ. ಗಾಯ ನಂಜಾಯಿತು. ಸುದ್ದಿ ತಿಳಿದು ತಾಯಿ ಧಾವಿಸಿ ಬರುವಷ್ಟರಲ್ಲಿ ಹುಡುಗ ತೀರಿಕೊಂಡಿದ್ದ. ಆ ಸಾವಿನ ನಂತರವೇ ಉಳಿದಿಬ್ಬರು ಮಕ್ಕಳು ತಾಯಿಯ ಬಳಿ ಬಂದುಹೋಗಲು ಗಂಡ ಒಪ್ಪಿದ್ದು.

ಕಾನೂನಿನ ಇತಿಹಾಸದಲ್ಲಿ ಮಾತ್ರ 1839 ಒಂದು ಗಡಿಕಲ್ಲು. ತಂದೆಯ ಹಕ್ಕಿಗೂ ಮಿತಿ ಹಾಕಬಹುದು ಎಂದು ಸಂಸತ್ತು ಮೊದಲ ಬಾರಿಗೆ ಒಪ್ಪಿತ್ತು. 1873ರ ಕಾಯ್ದೆ ಏಳು ವರ್ಷದ ಮಿತಿಯನ್ನು 16ಕ್ಕೆ ಏರಿಸಿತು. 1886ರ ಕಾಯ್ದೆ ಮಗುವಿನ ಹಿತವನ್ನು ಗಮನಿಸಬೇಕೆಂದಿತು. 1925ರಲ್ಲಿ ಆ ಹಿತವೇ ಮೊದಲಿನ ಮತ್ತು ಪರಮ ಮಾನದಂಡವಾಯಿತು.

ನಂಬಿಕೆಗೆ ತೆತ್ತ ಬೆಲೆ

ಈ ಮೆಟ್ಟಿಲುಗಳ ನಡುವೆ ಬಂದದ್ದು ಆನಿ ಬೆಸೆಂಟರ ಪ್ರಕರಣ. 1867ರಲ್ಲಿ ಆಕೆ ಫ್ರಾಂಕ್ ಬೆಸೆಂಟ್ ಎಂಬ ಪಾದ್ರಿಯನ್ನು ಮದುವೆಯಾದರು. ಡಿಗ್ಬಿ ಎಂಬ ಮಗ, ಮೇಬಲ್ ಎಂಬ ಮಗಳು ಹುಟ್ಟಿದರು. ಕ್ರೈಸ್ತ ಧರ್ಮದಲ್ಲಿ ಆಕೆಯ ನಂಬಿಕೆ ಕಳಚಿತು. 1873ರಲ್ಲಿ ಗಂಡ ಹೆಂಡಿರು ಕರಾರು ಬರೆದುಕೊಂಡು ಬೇರೆಯಾದರು. ಮಗ ತಂದೆಯ ಜೊತೆಗೆ, ಮಗಳು ತಾಯಿಯ ಜೊತೆಗೆ ಎಂಬ ಏರ್ಪಾಡಾಯಿತು.

1877ರಲ್ಲಿ ಆನಿ ಮತ್ತು ನಾಸ್ತಿಕವಾದಿ ಚಾರ್ಲ್ಸ್ ಬ್ರಾಡ್ಲಾ ಸೇರಿ ಸಂತಾನ ನಿಯಂತ್ರಣ ಕುರಿತ ಪುಸ್ತಕವೊಂದನ್ನು ಮರುಮುದ್ರಿಸಿ, ಅಶ್ಲೀಲತೆಯ ಆರೋಪದ ಮೇಲೆ ವಿಚಾರಣೆ ಎದುರಿಸಿದರು. ಪಾದ್ರಿಗೆ ಇಷ್ಟು ಸಾಕಾಯಿತು. 1878ರಲ್ಲಿ ಆತ ಮಗಳನ್ನು ತನಗೊಪ್ಪಿಸಬೇಕೆಂದು ಅರ್ಜಿ ಹಾಕಿದ. ತಾಯಿ ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆಂಬುದರಲ್ಲಿ ತಕರಾರಿರಲಿಲ್ಲ. ಆದರೂ ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲ್, ದೇವರನ್ನು ನಂಬದ, ಇಂತಹ ಪುಸ್ತಕ ಹೊರತಂದ ಹೆಂಗಸಿನ ಕೈಯಲ್ಲಿ ಹೆಣ್ಣುಮಗು ಬೆಳೆಯಬಾರದೆಂದು ತೀರ್ಪಿತ್ತರು. ಜ್ವರದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಮೇಬಲ್‌ಳನ್ನು ಕೊಸರಾಡುತ್ತಿದ್ದಂತೆಯೇ ಎತ್ತಿಕೊಂಡು ಹೋದರೆಂದು ಆನಿ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1879ರಲ್ಲಿ ಮೇಲ್ಮನವಿಯಲ್ಲೂ ತೀರ್ಪು ನಿಂತಿತು.

ಮಕ್ಕಳನ್ನು ಆಗಾಗ ನೋಡುವ ಅವಕಾಶವೇನೋ ಸಿಕ್ಕಿತು. ಪ್ರತಿ ಭೇಟಿಯೂ ರಗಳೆಯಾಗಿ ಮಕ್ಕಳನ್ನೇ ಹಿಂಸಿಸುತ್ತಿದೆ ಎನಿಸಿದಾಗ ಆಕೆ ಅದನ್ನೂ ಬಿಟ್ಟುಕೊಟ್ಟರು. ಪ್ರಾಯಕ್ಕೆ ಬಂದ ಮೇಲೆ ಮಗನೂ ಮಗಳೂ ತಾವಾಗಿಯೇ ತಾಯಿಯ ಬಳಿಗೆ ಮರಳಿದರು.

ಇಲ್ಲೊಂದು ಸೂಕ್ಷ್ಮವಿದೆ. ಜೆಸೆಲ್ ಮಗು ತಂದೆಯ ಸೊತ್ತೆಂದು ಹೇಳಿ ಸುಮ್ಮನಾಗಲಿಲ್ಲ. ಮಗಳ ಭವಿಷ್ಯ, ಸಮಾಜ ಅವಳನ್ನು ಹೇಗೆ ಕಾಣುತ್ತದೆ ಎಂಬ ಮಾತನ್ನೂ ಎತ್ತಿದರು. ಅಂದರೆ ‘ಮಗುವಿನ ಹಿತ’ ಎಂಬ ಮಾತು ಆಗಲೇ ಬಂದಿತ್ತು. ಆ ಹಿತ ಯಾವುದೆಂದು ನಿರ್ಧರಿಸುವವರ ಕಣ್ಣು ಮಾತ್ರ ಅವರ ಕಾಲದ್ದು. ಈ ತೊಡಕು ಇಂದಿಗೂ ಬಿಟ್ಟಿಲ್ಲ.

ಇಲ್ಲಿಗೆ ಬಂದ ಕಾನೂನು

ಭಾರತದಲ್ಲಿ ಬ್ರಿಟಿಷ್ ಸರ್ಕಾರ 1890ರಲ್ಲಿ ಪಾಲಕರು ಮತ್ತು ಪಾಲ್ಯರ ಕಾಯ್ದೆಯನ್ನು ತಂದಿತು. ಹಲವು ತಿದ್ದುಪಡಿಗಳೊಡನೆ ಅದು ಇಂದಿಗೂ ಜಾರಿಯಲ್ಲಿದೆ. ಯಾವ ಧರ್ಮದವರೇ ಇರಲಿ, ಅಪ್ರಾಪ್ತರ ಪಾಲಕತ್ವದ ಅರ್ಜಿಗೆ ಇದೇ ಮೂಲ ಕಾಯ್ದೆ. ಅದರ 17ನೇ ಕಲಂ ಮಗುವಿನ ಕ್ಷೇಮ ನೋಡಬೇಕೆನ್ನುತ್ತದೆ. ತಿಳಿದು ಹೇಳುವಷ್ಟು ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನೂ ಪರಿಗಣಿಸಬಹುದು ಎನ್ನುತ್ತದೆ. ಆದರೆ ಎರಡೇ ಕಲಂ ಮುಂದೆ, 19ರಲ್ಲಿ, ತಂದೆ ಬದುಕಿದ್ದು ಅಯೋಗ್ಯನಲ್ಲದಿದ್ದರೆ ನ್ಯಾಯಾಲಯ ಬೇರೆ ಪಾಲಕರನ್ನು ನೇಮಿಸುವಂತಿಲ್ಲ ಎಂದು ಬರೆದಿತ್ತು. ಮದುವೆಯಾದ ಅಪ್ರಾಪ್ತ ಬಾಲಕಿಯಾದರೆ ಅದೇ ಮಾತು ಅವಳ ಗಂಡನಿಗೆ. ಒಂದು ಕೈಯಲ್ಲಿ ಮಗುವಿನ ಕ್ಷೇಮ, ಇನ್ನೊಂದು ಕೈಯಲ್ಲಿ ತಂದೆಯ ಹಕ್ಕು ಹಿಡಿದ ಕಾಯ್ದೆ ಅದು.

ತಂದೆಯೇ ಮಕ್ಕಳ ಯಜಮಾನ ಎಂಬುದು ಈ ನೆಲದ ಎಲ್ಲೆಡೆಯ ರೂಢಿಯಾಗಿರಲಿಲ್ಲ. ತುಳುನಾಡಿನ ಅಳಿಯ ಸಂತಾನ ಕಟ್ಟಿನಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಯಜಮಾನಿಕೆ ಹೆಚ್ಚಾಗಿ ಸೋದರಮಾವನದು. ಗಂಡ ಹೆಂಡಿರ ಸಂಬಂಧ ಮುರಿದರೂ ಮಗು ಯಾರದೆಂಬ ಪ್ರಶ್ನೆ ಏಳುತ್ತಿರಲಿಲ್ಲ. ಅದು ಹುಟ್ಟಿದ ಮನೆಯಲ್ಲೇ ಉಳಿಯುತ್ತಿತ್ತು. ಬಯಲುಸೀಮೆಯ ಹಲವು ಸಮುದಾಯಗಳಲ್ಲಿ ಇದಕ್ಕೆ ಬೇರೆಯೇ ಕ್ರಮ. ಗಂಡನನ್ನು ಬಿಟ್ಟ ಅಥವಾ ಕಳೆದುಕೊಂಡ ಹೆಣ್ಣಿಗೆ ಸೀರುಡಿಕೆಯ ಮೂಲಕ ಎರಡನೆಯ ಸಂಸಾರ ಹೂಡಲು ಅವಕಾಶವಿತ್ತು. ಮೊದಲ ಗಂಡನ ಮಕ್ಕಳು ಸಾಮಾನ್ಯವಾಗಿ ಅವನ ಮನೆತನಕ್ಕೇ ಸೇರುತ್ತಿದ್ದರು. ಮುಸ್ಲಿಂ ಕಾನೂನಿನ ಹನಫಿ ಪಂಥದಲ್ಲಿ ಹಿಜಾನತ್ ಎಂಬ ಹಕ್ಕಿನಂತೆ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರೌಢಳಾಗುವವರೆಗೆ ತಾಯಿಯ ಬಳಿ ಇರಬೇಕು. ಖರ್ಚು ಮಾತ್ರ ತಂದೆಯದು.

ಅಡ್ಯಾರಿನ ಇಬ್ಬರು ಹುಡುಗರು

1890ರ ಕಾಯ್ದೆಯ ಕೆಳಗೆ ನಡೆದ ಮೊಕದ್ದಮೆಗಳಲ್ಲಿ ದೇಶದ ಗಮನ ಸೆಳೆದದ್ದು ಜಿಡ್ಡು ಕೃಷ್ಣಮೂರ್ತಿಯವರದು. ಮದನಪಲ್ಲಿಯ ಜಿಡ್ಡು ನಾರಾಯಣಯ್ಯನವರು ರೆವಿನ್ಯೂ ಇಲಾಖೆಯಿಂದ ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ, 1909ರಲ್ಲಿ ಮಕ್ಕಳೊಡನೆ ಅಡ್ಯಾರಿಗೆ ಬಂದರು. ಅಲ್ಲಿ ಚಾರ್ಲ್ಸ್ ಲೆಡ್‌ಬೀಟರ್ ಕಣ್ಣಿಗೆ ಬಿದ್ದ ಹುಡುಗ ಕೃಷ್ಣನಲ್ಲಿ ಮುಂದಿನ ಜಗದ್ಗುರುವಿದ್ದಾನೆಂದು ಥಿಯಾಸಫಿಸ್ಟರು ನಂಬಿದರು. 1910ರಲ್ಲಿ ನಾರಾಯಣಯ್ಯ, ಕೃಷ್ಣ ಮತ್ತು ನಿತ್ಯಾನಂದ ಇಬ್ಬರ ಪಾಲಕತ್ವವನ್ನು ಬೆಸೆಂಟರಿಗೆ ಬರೆದುಕೊಟ್ಟರು.

ಮುಂದೆ ಅವರ ಮನಸ್ಸು ಬದಲಾಯಿತು. ಮಕ್ಕಳಿಗೆ ಲೆಡ್‌ಬೀಟರ್ ಸಹವಾಸ ಬೇಡವೆಂಬುದು ಅವರ ಮುಖ್ಯ ಆಕ್ಷೇಪ. 1912ರಲ್ಲಿ ಬೆಸೆಂಟ್ ಹುಡುಗರನ್ನು ಇಂಗ್ಲೆಂಡಿನಲ್ಲಿ ಬಿಟ್ಟು ಬಂದಾಗ ನಾರಾಯಣಯ್ಯ ಚೆಂಗಲ್ಪಟ್ಟಿನ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದು ಮದ್ರಾಸ್ ಹೈಕೋರ್ಟಿಗೆ ವರ್ಗವಾಯಿತು. ಬೆಸೆಂಟ್ ತಮ್ಮ ವಾದವನ್ನು ತಾವೇ ಮಂಡಿಸಿದರು. 1913ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬೇಕ್‌ವೆಲ್ ಹುಡುಗರನ್ನು ತಂದೆಗೆ ಒಪ್ಪಿಸಬೇಕೆಂದು ತೀರ್ಪಿತ್ತರು. ಹೈಕೋರ್ಟಿನ ಮೇಲ್ಮನವಿಯಲ್ಲೂ ಬೆಸೆಂಟರಿಗೆ ಸೋಲು.

ಲಂಡನ್ನಿನ ಪ್ರಿವಿ ಕೌನ್ಸಿಲ್ 1914ರ ಮೇ ತಿಂಗಳಲ್ಲಿ ಇದನ್ನು ತಿರುವಿಹಾಕಿತು. ಹುಡುಗರು ವಾಸವಿಲ್ಲದ ಜಿಲ್ಲೆಯಲ್ಲಿ ದಾವೆ ಹೂಡಿದ್ದೇ ಸರಿಯಲ್ಲ, ಅವರಿರುವ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋಗಬೇಕಿತ್ತು ಎಂಬುದು ಅದರ ಕಾರಣ. ಜೊತೆಗೆ ಇನ್ನೆರಡು ಮಾತುಗಳು ಆ ತೀರ್ಪಿನಿಂದ ಉಳಿದುಬಂದವು. ತಂದೆ ಪಾಲಕತ್ವವನ್ನು ಬೇರೆಯವರಿಗೆ ಕೊಟ್ಟರೂ ಸಾಮಾನ್ಯವಾಗಿ ಹಿಂದಕ್ಕೆ ಪಡೆಯಬಹುದು, ಏಕೆಂದರೆ ಅದು ಮಾರಿಬಿಡುವ ಸೊತ್ತಲ್ಲ, ನಂಬಿಕೆಯಿಂದ ಹೊತ್ತ ಹೊಣೆ. ಆದರೆ ಹಾಗೆ ಹಿಂಪಡೆಯುವಾಗಲೂ ಮಕ್ಕಳ ಹಿತವನ್ನು, ಅವರ ಇಷ್ಟವನ್ನು ಕೇಳದೆ ಆದೇಶ ಮಾಡಬಾರದು. ಭಾರತದ ನ್ಯಾಯಾಲಯಗಳು ಮುಂದೆ ಈ ಮಾತುಗಳನ್ನು ಮತ್ತೆ ಮತ್ತೆ ಉದ್ಧರಿಸಿವೆ.

ಎರಡು ವರ್ಷ ನಡೆದ ಮೊಕದ್ದಮೆಯಲ್ಲಿ ಮಾತನಾಡಿದವರೆಲ್ಲ ದೊಡ್ಡವರು. ಕೃಷ್ಣಮೂರ್ತಿ ತಮ್ಮ ಬಗ್ಗೆ ತಾವೇ ತೀರ್ಮಾನ ಹೇಳಿದ್ದು 1929ರಲ್ಲಿ, ತಮ್ಮನ್ನು ಜಗದ್ಗುರುವೆಂದು ಸಾರಲು ಕಟ್ಟಿದ್ದ ಸಂಘವನ್ನು ಹಾಲೆಂಡಿನ ಒಮ್ಮೆನ್‌ನಲ್ಲಿ ವಿಸರ್ಜಿಸಿದಾಗ.

‘ನಂತರ’ ಎಂಬ ಒಂದು ಪದ

ಸ್ವಾತಂತ್ರ್ಯಾನಂತರ ಹಿಂದೂ ಕಾನೂನುಗಳು ಲಿಖಿತ ರೂಪ ಪಡೆದವು. 1955ರ ಹಿಂದೂ ವಿವಾಹ ಕಾಯ್ದೆ ವಿಚ್ಛೇದನಕ್ಕೆ ದಾರಿ ಮಾಡಿತು. ಅದರ 26ನೇ ಕಲಂ, ಮೊಕದ್ದಮೆ ನಡೆಯುತ್ತಿರುವಾಗಲೂ ಮುಗಿದ ಮೇಲೂ ಮಕ್ಕಳ ಸುಪರ್ದಿ, ಪೋಷಣೆ, ಶಿಕ್ಷಣದ ಬಗ್ಗೆ, ಸಾಧ್ಯವಾದಷ್ಟೂ ಮಕ್ಕಳ ಇಚ್ಛೆಗೆ ಹೊಂದುವಂತೆ ಆದೇಶ ನೀಡಬಹುದು ಎನ್ನುತ್ತದೆ.

ಮರುವರ್ಷ ಬಂದ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಮಾತ್ರ ಹಳೆಯ ದಾರಿಯಲ್ಲೂ ಒಂದು ಕಾಲಿಟ್ಟಿತು. 13ನೇ ಕಲಂ ಮಗುವಿನ ಕ್ಷೇಮವೇ ಪರಮ ಎಂದಿತು. 6ನೇ ಕಲಂ, ಮಗುವಿನ ಸಹಜ ಪಾಲಕ ತಂದೆ, ಅವನ ‘ನಂತರ’ ತಾಯಿ ಎಂದಿತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂಬ ಮಾತೂ ಅಲ್ಲಿಯೇ ಇದೆ. ಹೀಗಾಗಿ ಮಗುವನ್ನು ಸಾಕುವವಳು ತಾಯಿ, ಸಹಿ ಹಾಕುವವನು ತಂದೆ ಎಂಬಂತಾಯಿತು. ಈ ಕಾಯ್ದೆ ಎಲ್ಲ ಹಿಂದೂಗಳಿಗೂ ಅನ್ವಯಿಸಿದ್ದರಿಂದ, ಮಕ್ಕಳನ್ನು ತಾಯಿಯ ಮನೆತನಕ್ಕೆ ಸೇರಿಸುತ್ತಿದ್ದ ತುಳುನಾಡಿನ ಕುಟುಂಬಗಳಲ್ಲೂ ಕಾಗದದ ಮೇಲೆ ತಂದೆಯೇ ಮೊದಲಿಗನಾದ.

ಆ ‘ನಂತರ’ ಎಂಬ ಪದ ಸುಪ್ರೀಂ ಕೋರ್ಟ್ ಮೆಟ್ಟಿಲೇರಲು ಕಾರಣವಾದವರು ಲೇಖಕಿ ಗೀತಾ ಹರಿಹರನ್. 1984ರ ಡಿಸೆಂಬರ್‌ನಲ್ಲಿ ಅವರು ತಮ್ಮ ಅಪ್ರಾಪ್ತ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಅರ್ಜಿ ಹಾಕಿದರು. ಪಾಲಕಿಯಾಗಿ ತಾಯಿ ಸಹಿ ಮಾಡುವುದೆಂದು ಗಂಡ ಹೆಂಡಿರು ಒಪ್ಪಿಕೊಂಡಿದ್ದರು. ತಂದೆಯ ಸಹಿ ಬೇಕು, ಇಲ್ಲವೇ ತಾಯಿ ಪಾಲಕಿಯೆಂದು ನ್ಯಾಯಾಲಯದ ಪತ್ರ ಬೇಕು ಎಂದು ಬ್ಯಾಂಕು ಅರ್ಜಿಯನ್ನು ಹಿಂದಿರುಗಿಸಿತು. ಇದರೊಡನೆಯೇ ಪರಿಸರ ಚಿಂತಕಿ ವಂದನಾ ಶಿವ ಅವರ ಅರ್ಜಿಯೂ ವಿಚಾರಣೆಗೆ ಬಂತು. ಅವರದು ವಿಚ್ಛೇದನದ ಮೊಕದ್ದಮೆ. ಮಗ ತಾಯಿಯ ಬಳಿಯಿದ್ದ. ಸಹಜ ಪಾಲಕ ತಾನೇ ಎಂಬುದು ಗಂಡನ ವಾದವಾಗಿತ್ತು.

1999ರ ಫೆಬ್ರುವರಿ 17ರಂದು ಮುಖ್ಯ ನ್ಯಾಯಮೂರ್ತಿ ಎ.ಎಸ್. ಆನಂದ್ ಅವರಿದ್ದ ಮೂವರ ಪೀಠ ತೀರ್ಪಿತ್ತಿತು. ‘ನಂತರ’ ಎಂದರೆ ತಂದೆ ಸತ್ತ ನಂತರ ಎಂದೇ ಅರ್ಥವಲ್ಲ, ಅವನ ಗೈರುಹಾಜರಿಯಲ್ಲಿ ಎಂದು ಓದಬೇಕು. ತಂದೆ ದೂರವಿದ್ದರೆ, ಮಗುವಿನ ಬಗ್ಗೆ ಅಸಡ್ಡೆ ತೋರಿದರೆ, ಅಥವಾ ಇಬ್ಬರೂ ಹಾಗೆಂದು ಒಪ್ಪಿಕೊಂಡಿದ್ದರೆ ಅದೂ ಗೈರುಹಾಜರಿಯೇ. ಮಗು ಎಲ್ಲಿರಬೇಕೆಂದು ನಿರ್ಧರಿಸುವಾಗ ಕ್ಷೇಮವೇ ಮುಖ್ಯವೆಂದು ಪೀಠ ಹೇಳಿತು.

ತಾಯಂದಿರಿಗೆ ಇದು ದೊಡ್ಡ ಗೆಲುವು. ಆದರೆ ಕಾಯ್ದೆಯ ಪದ ಹಾಗೆಯೇ ಉಳಿಯಿತು. ತಂದೆ ಮೊದಲು, ತಾಯಿ ಅವನಿಲ್ಲದಾಗ ಎಂಬ ಸರದಿ ಅಳಿಯಲಿಲ್ಲ. ತಂದೆ ತಾಯಿ ಇಬ್ಬರೂ ಸಮಾನ ಪಾಲಕರಾಗಬೇಕೆಂದು ಕಾನೂನು ಆಯೋಗ 1989ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಶಿಫಾರಸು ಮಾಡಿತು. 2010ರಲ್ಲಿ 1890ರ ಕಾಯ್ದೆಯ 19ನೇ ಕಲಂನಲ್ಲಿ ತಂದೆಯ ಜೊತೆಗೆ ‘ಅಥವಾ ತಾಯಿ’ ಎಂಬ ಪದಗಳು ಸೇರಿದವು. ಅಷ್ಟಕ್ಕೇ 120 ವರ್ಷ ಬೇಕಾಯಿತು.

ಹೊಟ್ಟೆಯ ಲೆಕ್ಕ

ಸುಪರ್ದಿಯ ಕಥೆ ಹೀಗಾದರೆ ಜೀವನಾಂಶ ಬಂದದ್ದು ಬೇರೆಯೇ ದಾರಿಯಿಂದ. ಮಕ್ಕಳ ಮೇಲಿನ ಕರುಣೆ ಅದಕ್ಕೆ ಮೂಲವಲ್ಲ. ಗಂಡ ಕೈಬಿಟ್ಟ ಹೆಂಡತಿ ಮಕ್ಕಳು ಬೀದಿಪಾಲಾಗಿ ಅಲೆಮಾರಿಗಳಾಗಬಾರದು, ಹೊಟ್ಟೆಗಿಲ್ಲದೆ ಕಳ್ಳತನಕ್ಕಿಳಿಯಬಾರದು ಎಂಬುದು ಬ್ರಿಟಿಷ್ ಆಡಳಿತಗಾರರ ಚಿಂತೆ. ಆದ್ದರಿಂದಲೇ ಅದು ಕೊಲೆ ದರೋಡೆಗಳ ವಿಚಾರಣೆಯ ರೀತಿ ಹೇಳುವ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜಾಗ ಪಡೆಯಿತು. 1898ರ ಸಂಹಿತೆಯಲ್ಲಿ ಅದು 488ನೇ ಕಲಂ. 1973ರ ಸಂಹಿತೆಯಲ್ಲಿ 125ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೇ ಕಲಂ.

ಈ ಕಲಂಗೆ ಧರ್ಮದ ಭೇದವಿಲ್ಲ. ಮಗು ವಿವಾಹದಿಂದ ಹುಟ್ಟಿದ್ದೋ ಅಲ್ಲವೋ ಎಂಬ ಭೇದವೂ ಇಲ್ಲ. ವಿಚ್ಛೇದಿತ ಮುಸ್ಲಿಂ ಮಹಿಳೆಯರ ಬಗ್ಗೆ 1986ರಲ್ಲಿ ಪ್ರತ್ಯೇಕ ಕಾಯ್ದೆ ಬಂದಾಗ ಮಕ್ಕಳ ಗತಿ ಏನೆಂಬ ಪ್ರಶ್ನೆ ಎದ್ದಿತ್ತು. ತಂದೆಯಿಂದ ಪೋಷಣೆ ಕೇಳುವುದು ಮಕ್ಕಳ ಸ್ವತಂತ್ರ ಹಕ್ಕು, ತಾಯಿಯ ಹಕ್ಕಿಗೂ ಅದಕ್ಕೂ ಗಂಟು ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಸ್ಪಷ್ಟಪಡಿಸಿತು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ (1956) ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆಯ ಮೇಲಷ್ಟೇ ಅಲ್ಲ, ತಾಯಿಯ ಮೇಲೂ ಹೊರಿಸಿದೆ.

ಮೊತ್ತದ ಕಥೆ ಮಾತ್ರ ಬೇಸರ ತರಿಸುವಂಥದು. 1955ರಲ್ಲಿ ಗರಿಷ್ಠ ಮಿತಿಯನ್ನು ತಿಂಗಳಿಗೆ 500 ರೂಪಾಯಿಗೆ ಏರಿಸಲಾಯಿತು. 1973ರಲ್ಲಿ ಸಂಹಿತೆಯನ್ನೇ ಹೊಸದಾಗಿ ಬರೆದರೂ ಕೇಂದ್ರ ಕಾಯ್ದೆಯ ಆ 500 ಕದಲಲಿಲ್ಲ. ಅಕ್ಕಿ, ಬೇಳೆ, ಶಾಲೆಯ ಫೀಸು ಎಲ್ಲ ಏರಿದರೂ ಕಾಯ್ದೆಯ ಮಗುವಿನ ಹೊಟ್ಟೆ ಮಾತ್ರ 1955ರಲ್ಲೇ ನಿಂತಿತ್ತು. 2001ರಲ್ಲಿ ಮಿತಿಯನ್ನೇ ತೆಗೆದುಹಾಕಲಾಯಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟೂ 60 ದಿನಗಳಲ್ಲಿ ಮುಗಿಸಬೇಕೆಂಬ ನಿಯಮವೂ ಬಂತು.

ಆದೇಶ ಪಡೆಯುವುದು ಒಂದು, ಹಣ ಕೈಗೆ ಬರುವುದು ಇನ್ನೊಂದು. ಬಾಕಿ ಉಳಿಸಿಕೊಂಡವನಿಗೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೂ ಆದಾಯ ಮುಚ್ಚಿಡುವುದು, ಕೆಲಸ ಬಿಟ್ಟೆನೆನ್ನುವುದು, ವಾಯಿದೆ ಮೇಲೆ ವಾಯಿದೆ ಕೇಳುವುದು ನ್ಯಾಯಾಲಯಗಳಿಗೆ ಹೊಸದಲ್ಲ. ಇದನ್ನು ಕಂಡೇ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ದೇಶದ ಎಲ್ಲ ನ್ಯಾಯಾಲಯಗಳಿಗೆ ಮಾರ್ಗಸೂಚಿ ನೀಡಿತು. ಗಂಡ ಹೆಂಡಿರಿಬ್ಬರೂ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕು. ಜೀವನಾಂಶ ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಸಲ್ಲಬೇಕು.

ತಕ್ಕಡಿಯ ಎರಡು ತಟ್ಟೆ

1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂತು. ಸಂಸಾರದ ವ್ಯಾಜ್ಯವನ್ನು ಗದ್ದೆ ಬದುವಿನ ವ್ಯಾಜ್ಯದಂತೆ ನಡೆಸಬಾರದು, ಮೊದಲು ರಾಜಿಗೆ ಯತ್ನಿಸಬೇಕು, ಆಪ್ತ ಸಲಹೆಗಾರರ ನೆರವು ಇರಬೇಕು ಎಂಬುದು ಅದರ ಆಶಯ. ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ಕೌಟುಂಬಿಕ ನ್ಯಾಯಾಲಯದ ಜೊತೆಗೆ 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರವೂ ಇದೆ. ಎಷ್ಟೋ ದಂಪತಿಗಳ ನಡುವೆ ಮಗುವಿನ ವಾರ, ರಜೆ, ಹಬ್ಬಗಳ ಹಂಚಿಕೆಯಾಗುವುದು ಇಂತಹ ಕೊಠಡಿಗಳಲ್ಲಿ.

ಇಲ್ಲಿ ಮತ್ತೆ ಮತ್ತೆ ಕೇಳಿಬರುವ ಜಗಳ ಒಂದಿದೆ. ‘ದುಡ್ಡು ಕೊಡದವನಿಗೆ ಮಗು ತೋರಿಸುವುದಿಲ್ಲ’ ಎನ್ನುವುದು ಒಂದು ಕಡೆ. ‘ಮಗು ತೋರಿಸದವಳಿಗೆ ದುಡ್ಡು ಕೊಡುವುದಿಲ್ಲ’ ಎನ್ನುವುದು ಇನ್ನೊಂದು ಕಡೆ. ಹೊರನೋಟಕ್ಕೆ ನ್ಯಾಯದ ಮಾತಿನಂತೆ ಕಾಣುತ್ತದೆ. ಆದರೆ ಕಾನೂನಿನ ಕಣ್ಣಿನಲ್ಲಿ ಊಟವೂ ಭೇಟಿಯೂ ಮಗುವಿಗೆ ಸಲ್ಲಬೇಕಾದವು. ಒಂದನ್ನು ಇನ್ನೊಂದರ ಬೆಲೆಯಾಗಿ ಕೇಳುವುದೆಂದರೆ ಮಗುವನ್ನು ಮತ್ತೆ ಸೊತ್ತಾಗಿ ಮಾಡಿದಂತೆ. ಮಕ್ಕಳು ತಂದೆ ತಾಯಿಗಳ ಆಸ್ತಿಯೂ ಅಲ್ಲ, ಆಟದ ವಸ್ತುವೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲಿಯೇ ಎಚ್ಚರಿಸಿತ್ತು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಬೇರೆಯಾದ ತಂದೆ ತಾಯಿ ಇಬ್ಬರೊಡನೆ ಸಂಪರ್ಕ ಇಟ್ಟುಕೊಳ್ಳುವುದನ್ನು ಮಗುವಿನ ಹಕ್ಕೆಂದೇ ಕರೆಯುತ್ತದೆ.

ಹಾಗಾದರೆ ಇಬ್ಬರಿಗೂ ಜಂಟಿಯಾಗಿ ಸುಪರ್ದಿ ಕೊಡಬಾರದೇಕೆ? 2015ರ ವರದಿಯಲ್ಲಿ ಕಾನೂನು ಆಯೋಗ ಇದನ್ನೂ ಸೂಚಿಸಿದೆ. ನೆರೆಯ ಬಡಾವಣೆಗಳಲ್ಲಿರುವ, ಮಾತು ಉಳಿಸಿಕೊಂಡ ತಂದೆ ತಾಯಿಗೆ ಅದು ಒಗ್ಗಬಹುದು. ಹೊಡೆತ ಬಡಿತದಿಂದ ಓಡಿಬಂದ ತಾಯಿಗೆ ಅದೇ ಏರ್ಪಾಡು ವಾರವಾರದ ಭಯವಾಗಬಹುದು. ಎಲ್ಲ ಮನೆಗೂ ಒಂದೇ ಅಳತೆಯ ಅಂಗಿ ಹೊಲಿಯಲಾಗದು.

ಬೆಂಗಳೂರಿನಂತಹ ಊರಿಗೆ ಇನ್ನೊಂದು ತೊಡಕು ಸೇರಿದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಹುಟ್ಟಿದ ಮಗುವನ್ನು ದಂಪತಿಯಲ್ಲೊಬ್ಬರು ತವರಿಗೆ ಕರೆತಂದಾಗ ಅಲ್ಲಿನ ಆದೇಶ ದೊಡ್ಡದೋ ಇಲ್ಲಿನ ವಿಚಾರಣೆ ದೊಡ್ಡದೋ ಎಂಬ ಪ್ರಶ್ನೆ ಏಳುತ್ತದೆ. ಇಂತಹ ಮಕ್ಕಳನ್ನು ಬೇಗ ಹಿಂದಿರುಗಿಸಲು ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ವಿದೇಶಿ ನ್ಯಾಯಾಲಯದ ಆದೇಶಕ್ಕೆ ಬೆಲೆ ಕೊಟ್ಟರೂ ಕೊನೆಗೆ ತೂಗಬೇಕಾದ್ದು ಮಗುವಿನ ಕ್ಷೇಮವನ್ನೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ನೂರು ವರ್ಷಗಳ ಹಿಂದೆ ಅಡ್ಯಾರಿನ ಹುಡುಗರ ವಿಷಯದಲ್ಲಿ ಎದ್ದ ‘ಯಾವ ದೇಶದ ನ್ಯಾಯಾಲಯ’ ಎಂಬ ಪ್ರಶ್ನೆಯೇ ಹೊಸ ರೂಪದಲ್ಲಿ ಮರಳಿದೆ.

1804ರ ಮೊಲೆಹಾಲಿನ ಮಗುವಿನಿಂದ ಇಲ್ಲಿಯವರೆಗೆ ಕಾನೂನು ಬಹುದೂರ ಬಂದಿದೆ. ತಂದೆಯ ಹಕ್ಕಿಗೆ ಮಿತಿ ಬಿತ್ತು, ತಾಯಿಗೆ ಹಕ್ಕು ಬಂತು, ಎರಡಕ್ಕಿಂತ ಮೇಲೆ ಮಗುವಿನ ಕ್ಷೇಮ ಕುಳಿತಿತು. ಆ ಕ್ಷೇಮವನ್ನು ಅಳೆಯುವವರು ಮಾತ್ರ ಇಂದಿಗೂ ದೊಡ್ಡವರೇ. ಮೇಬಲ್‌ಳ ಹಿತದ ಹೆಸರಿನಲ್ಲೇ ಅವಳನ್ನು ತಾಯಿಯಿಂದ ಕಿತ್ತದ್ದನ್ನು ಮರೆಯುವಂತಿಲ್ಲ. ಮಗುವಿನ ಮಾತನ್ನೂ ಪರಿಗಣಿಸಬಹುದೆಂಬ ಸಾಲು 1890ರ ಕಾಯ್ದೆಯಲ್ಲಿಯೇ ಇದೆ. ಅನೇಕ ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆದು, ವಕೀಲರನ್ನೂ ಹೆತ್ತವರನ್ನೂ ಹೊರಗಿರಿಸಿ, ಮಾತನಾಡಿಸುತ್ತಾರೆ. ಆ ಮಾತುಕತೆಗೆ ಎಷ್ಟು ಹೊತ್ತು ಸಿಗುತ್ತದೆ ಎಂಬುದು ಅಂದಿನ ಪಟ್ಟಿಯಲ್ಲಿ ಎಷ್ಟು ಪ್ರಕರಣಗಳಿವೆ ಎಂಬುದರ ಮೇಲೆ ನಿಂತಿದೆ. ಬಾಗಿಲಾಚೆ ತಂದೆ ಒಂದು ಬೆಂಚಿನಲ್ಲಿ, ತಾಯಿ ಇನ್ನೊಂದು ಬೆಂಚಿನಲ್ಲಿ ಕಾಯುತ್ತಿರುತ್ತಾರೆ. ಒಳಗಿನಿಂದ ಬಂದ ಮಗು ಯಾರ ಕಡೆಗೆ ನಡೆದರೂ ಇನ್ನೊಬ್ಬರ ಮುಖ ನೋಡಲು ಅಂಜದಂತೆ ಇರಬೇಕಾದರೆ, ಅದಕ್ಕೆ ಕಾಯ್ದೆಯ ಕಲಂಗಳಷ್ಟೇ ಸಾಲವು. ಆ ಎರಡು ಬೆಂಚುಗಳಲ್ಲಿ ಕುಳಿತವರೂ ಮನಸ್ಸು ಮಾಡಬೇಕಾಗುತ್ತದೆ.